ಎಂಬತ್ತೆಂಟು ರೆಕಾರ್ಡು, ಒಂದು ತನಿಖೆ

ಮಾರ್ಚ್ ೪, ಮಂಗಳವಾರ

ಅದಕ್ಕೇ ನಾನು ಹೇಳಿದ್ದು, ತಪ್ಪು ಅಲಮಾರಿಯದಲ್ಲ ಅಂತ. ನಿನ್ನೆ ಇದನ್ನೇ ಬರೆಯುತ್ತಿದ್ದೆ, ನಡುವೆ ಹಾಲು ಉಕ್ಕಿತು, ಎದ್ದು ಹೋದವನು ವಾಪಸು ಬರಲೇ ಇಲ್ಲ. ನಡುಮನೆಯ ಅಲಮಾರಿಯ ಕೆಳಗಿನ ಹಲಗೆ ಮಧ್ಯದಲ್ಲಿ ಒಂದು ಬೆರಳಿನಷ್ಟು ಜೋತುಬಿದ್ದಿದೆ. ಕಾರಣ ನನ್ನ ಹೆಂಡತಿಯ ರೆಕಾರ್ಡುಗಳು. ಇವತ್ತು ಕೂತು ಎಣಿಸಿದೆ: ಎಂಬತ್ತೆಂಟು. ಅಡುಗೆಮನೆಯ ತಕ್ಕಡಿಯಲ್ಲಿ ಹತ್ತನ್ನು ತೂಗಿ ಸರಾಸರಿ ತೆಗೆದೆ. ಹೊದಿಕೆ ಸೇರಿ ಒಂದಕ್ಕೆ ಇನ್ನೂರ ಐವತ್ತು ಗ್ರಾಂ, ಒಟ್ಟು ಇಪ್ಪತ್ತೆರಡು ಕಿಲೋ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಇನ್ಸ್‌ಪೆಕ್ಟರಾಗಿದ್ದವನ ಮನೆಯಲ್ಲೇ ಇಷ್ಟು ಭಾರ ಲೆಕ್ಕಕ್ಕೆ ಸಿಗದೆ ಕೂತಿತ್ತು ಅಂದರೆ, ವಾಟ್ ಟು ಸೇ.

ಅವಳು ತೀರಿಹೋಗಿ ಹನ್ನೊಂದು ತಿಂಗಳಾಯಿತು. ಹಲಗೆಗೆ ಅದು ಗೊತ್ತಿಲ್ಲ, ಬಾಗುತ್ತಲೇ ಇದೆ.

ಅವಳ ಆಯ್ಕೆಯೂ ಅಷ್ಟಕ್ಕಷ್ಟೇ. ಜನ ಅಂಗಡಿಗೆ ಹೋಗಿ ಹೆಸರು ಕೇಳಿ ರೆಕಾರ್ಡು ತರುತ್ತಿದ್ದರು. ಇವಳು ಬಾಗಿಲ ಬಳಿಯ ರಟ್ಟಿನ ಡಬ್ಬದ ಮುಂದೆಯೇ ಕುಕ್ಕರುಗಾಲಲ್ಲಿ ಕೂತುಬಿಡುತ್ತಿದ್ದಳು. ಯಾರೂ ಕೊಳ್ಳದೆ ಉಳಿದವನ್ನು ಹಾಕಿಟ್ಟ ಡಬ್ಬ ಅದು. "ಪಾಪ ಅನ್ಸುತ್ತೆ ರೀ, ಇಷ್ಟು ಕಷ್ಟಪಟ್ಟು ಹಾಡಿದಾರೆ" ಅನ್ನುವಳು. ರೇಡಿಯೊದವರೂ ಹೆಸರು ಕೇಳಿರದ ಗಾಯಕರು. ಎಲ್ಲಾ ಹಾಡೂ ಒಂದೇ ಥರ, ಯಾರೋ ತೀರಿಕೊಂಡ ಮನೆಯಲ್ಲಿ ಕೂತ ಹಾಗೆ. ಇದಕ್ಕೆ ಇಂಗ್ಲಿಷಿನಲ್ಲಿ ಒಂದು ಒಳ್ಳೆಯ ಪದ ಇದೆ. ಮೆಲಂ ಅಂತ ಶುರುವಾಗುತ್ತದೆ. ಬಿ.ಎ. ಎರಡನೇ ವರ್ಷದಲ್ಲಿ ಓದಿದ್ದೆ.

ಮಗಳು ಫೋನಿನಲ್ಲಿ, "ಅಪ್ಪಾ, ಹಳೇ ರೆಕಾರ್ಡು ಕೂಡಿಸೋರೊಬ್ಬರು ಸಿಕ್ಕಿದಾರೆ. ಮೂವತ್ತನೇ ತಾರೀಕು ಭಾನುವಾರ ಬರ್ತಾರೆ. ನಿಜವಾಗ್ಲೂ ಕೊಟ್ಟುಬಿಡ್ತೀಯಾ?" ಎಂದಳು.

"ಹಲಗೆ ಬಾಗಿದೆ ಕಣಮ್ಮ" ಎಂದೆ.

"ನಾನು ಹಲಗೆ ವಿಷಯ ಕೇಳ್ಲಿಲ್ಲ."

ಈ ಹುಡುಗಿ ತಾಯಿಯ ಥರವೇ. ಕೇಳಿದ್ದಕ್ಕೆ ಉತ್ತರ ಕೊಟ್ಟರೂ ಸಾಲದು.

ಮಾರ್ಚ್ ೬, ಗುರುವಾರ

ರೆಕಾರ್ಡಿನ ಮನುಷ್ಯ ಫೋನ್ ಮಾಡಿದ್ದ. ಅವನಿಗೆ ತಟ್ಟೆಸಾಹೇಬ ಅಂತ ಹೆಸರಿಟ್ಟಿದ್ದೇನೆ, ಮಾತಿನಲ್ಲಿ ಅಷ್ಟು ದರ್ಬಾರು. ಅವನಿಗೆ ಪಟ್ಟಿ ಬೇಕಂತೆ. ಪ್ರತಿ ರೆಕಾರ್ಡನ್ನೂ ಎರಡೂ ಮುಖ ಹಾಕಿ ಕೇಳಿ, ಗೀರು ಎಲ್ಲಿದೆ, ಮುಳ್ಳು ಎಲ್ಲಿ ಹಾರುತ್ತದೆ, ಬರೆದಿಡಬೇಕಂತೆ. "ನಿಮ್ಗೆ ತೊಂದ್ರೆ ಆದ್ರೆ ಬೇಡಿ" ಅಂದ. ತಪಾಸಣೆ ಮಾಡುವುದು ನನಗೆ ತೊಂದರೆಯೇ? ಹಳೆಯ ರಿಜಿಸ್ಟರ್ ಒಂದು ಖಾಲಿ ಇತ್ತು. ಕ್ರಮಸಂಖ್ಯೆ, ವಿವರ, ಸ್ಥಿತಿ, ಷರಾ ಎಂದು ಗೆರೆ ಹೊಡೆದೆ.

ಪ್ಲೇಯರಿನ ಮೇಲಿನ ಬಟ್ಟೆ ತೆಗೆದೆ. ಮದುವೆಯಾದ ಮೂರನೇ ವರ್ಷ ನಾನೇ ತಂದದ್ದು. ಹಡಗಿನಲ್ಲಿ ಅಡುಗೆ ಮಾಡುತ್ತಿದ್ದವನೊಬ್ಬ ದೂರದ ದೇಶದಿಂದ ಹೊತ್ತುಕೊಂಡು ಬಂದಿದ್ದ, ಅವನಿಂದ ಕೊಂಡೆ. ಅದರ ಪಕ್ಕಕ್ಕೆ ನಮ್ಮ ಇಲಾಖೆಯ 'ಪರೀಕ್ಷಿಸಲಾಗಿದೆ' ಚೀಟಿ ಈಗಲೂ ಅಂಟಿಕೊಂಡಿದೆ. ತಂದ ದಿನವೇ ನಾನು ಅಂಟಿಸಿದ್ದು. ಅವಳು ಏನೋ ತಕರಾರು ತೆಗೆದಿದ್ದಳು, ಅದಕ್ಕೆ.

ಇವತ್ತು ಕ್ರಮಸಂಖ್ಯೆ ಒಂದರಿಂದ ನಾಲ್ಕು. ಷರಾ: ಅಳು, ಅಳು, ಕೊಳಲಿನಲ್ಲಿ ಅಳು, ಅಳು.

ಗುರುವಾರ ಸಂಜೆ ಮನೆ ಖಾಲಿ ಇರುವುದು ನನಗೆ ಹೊಸದೇನಲ್ಲ. ಪ್ರತಿ ಗುರುವಾರ ಅವಳು ಮಧ್ಯಾಹ್ನ ಮೂರರ ಬಸ್ಸಿಗೆ ತಂಗಿಯ ಮನೆಗೆ ಹೊಲಿಗೆಗೆಂದು ಹೊರಟುಬಿಡುತ್ತಿದ್ದಳು, ಹೆಗಲಿಗೆ ದೊಡ್ಡ ಬಟ್ಟೆಯ ಚೀಲ. ಇಪ್ಪತ್ತೆಂಟು ವರ್ಷ ಹೊಲಿಗೆ ಕಲಿತು ನಮ್ಮ ಮನೆಗೆ ಬಂದದ್ದು ಒಂದು ದಿಂಬಿನ ಚೀಲ. ಅದೂ ದಿಂಬಿಗಿಂತ ಚಿಕ್ಕದು.

ಮಾರ್ಚ್ ೯, ಭಾನುವಾರ

ಕ್ರಮಸಂಖ್ಯೆ ಇಪ್ಪತ್ತಮೂರರ ತನಕ ಆಯಿತು. ಸೊಂಟ ನೋವು.

ಒಂದು ವಿಚಿತ್ರ. ಹಲವು ಹೊದಿಕೆಗಳ ಒಳಗೆ ದಾರದ ಎಳೆ. ಕೆಂಪು, ನೀಲಿ, ಒಂದರಲ್ಲಿ ಮುರಿದ ಗುಂಡುಪಿನ್ನು. ಸ್ಥಿತಿಯ ಕಾಲಮ್ಮಿನಲ್ಲಿ 'ದಾರ ದೊರೆತಿದೆ' ಎಂದು ನಮೂದಿಸಿದ್ದೇನೆ.

ಇಪ್ಪತ್ತಮೂರನೆಯದು ಅವಳಿಗೆ ಬಹಳ ಹಿಡಿಸಿದ್ದು. ಹೊದಿಕೆಯ ಮೇಲೆ ಹಸಿರು ಕೋಟು ತೊಟ್ಟ ಹೆಂಗಸೊಬ್ಬಳು ಬಸ್ಸು ತಪ್ಪಿಸಿಕೊಂಡವಳ ಹಾಗೆ ನಿಂತಿದ್ದಾಳೆ. ಗುರುವಾರ ಬಿಟ್ಟು ದಿನಾ ಸಂಜೆ ಕಾಫಿಯಾದ ಮೇಲೆ ಇದರ ಒಂದು ಮುಖ ಆಗಲೇಬೇಕು. ನಾನು ಪೇಪರ್ ಮಡಚಿಟ್ಟು ಎದುರಿಗೆ ಕೂರಬೇಕು, ಅದು ಅವಳ ಷರತ್ತು. ಗಂಡಸಿನಂಥ ದಪ್ಪ ದನಿ, ಎಳೆದೆಳೆದು ಹಾಡುತ್ತಾಳೆ, ಬಸ್ಸು ಮಾತ್ರವಲ್ಲ ಸಂಸಾರವೇ ತಪ್ಪಿಹೋದ ಹಾಗೆ. ಮಗಳು ಚಿಕ್ಕವಳಿದ್ದಾಗ ಇದನ್ನು ಹಾಕಿದರೆ ಐದು ನಿಮಿಷಕ್ಕೆ ನಿದ್ದೆ ಹೋಗುತ್ತಿದ್ದಳು. ನಾನು ಹತ್ತು ನಿಮಿಷಕ್ಕೆ.

ಇವತ್ತು ನಿದ್ದೆ ಬರಲಿಲ್ಲ. ಷರಾ ಏನೂ ಬರೆದಿಲ್ಲ.

ಮಾರ್ಚ್ ೧೧, ಮಂಗಳವಾರ

ತಟ್ಟೆಸಾಹೇಬನಿಗೆ ಫೋನಿನಲ್ಲಿ ಪಟ್ಟಿ ಓದಿ ಹೇಳುತ್ತಿದ್ದೆ. ಇಪ್ಪತ್ತಮೂರಕ್ಕೆ ಬಂದಾಗ ಅವನ ಕೈಯಿಂದ ಏನೋ ಬಿದ್ದ ಶಬ್ದ.

"ಹಸಿರು ಕೋಟಾ? ಸಾರ್, ಹಸಿರು ಕೋಟು ನಿಮ್ಹತ್ರ ಇದ್ಯಾ? ಅದು ಬಂದಾಗ ಒಬ್ರೂ ತಿರುಗಿ ನೋಡ್ಲಿಲ್ಲ, ಈಗ ಎಲ್ಲಿ ಹುಡುಕಿದ್ರೂ ಸಿಗಲ್ಲ. ಎಂಥಾ ಕುಣಿತ ಸಾರ್ ಅದು! ಕಾಲು ಸುಮ್ನಿರಲ್ಲ!"

"ಕುಣಿತವೇ? ಯಾರು ಕುಣಿಯುತ್ತಾರೆ?"

"ಯಾರು ಕೇಳಿದ್ರೂ. ಕೋಗಿಲೆ ಥರ ದನಿ, ಹದಿನೆಂಟು ವರ್ಷದ ಹುಡುಗಿ. ನಗ್ತಾ ನಗ್ತಾನೇ ಹಾಡ್ತಾಳಲ್ಲ!"

ನಾನು ನಯವಾಗಿ ಹೇಳಿದೆ, ವಿತ್ ಡ್ಯೂ ರೆಸ್ಪೆಕ್ಟ್, ನೀವು ಬೇರೆ ಯಾವುದನ್ನೋ ನೆನೆಸಿಕೊಂಡಿದ್ದೀರಿ ಅಂತ. ಅವನು ಫೋನಿನಲ್ಲೇ ಒಂದು ಸಾಲು ಹಾಡಿದ. ಮಾತು ಅದೇ. ರಾಗವೂ ಅದೇ. ಆದರೆ ಯಾರೋ ಹಿಂದೆ ಅಟ್ಟಿಸಿಕೊಂಡು ಬಂದ ಹಾಗೆ ಹಾಡಿದ.

ಮನುಷ್ಯನಿಗೆ ತಲೆ ಸರಿಯಿಲ್ಲ.

ಮಾರ್ಚ್ ೧೨, ಬುಧವಾರ

ತಲೆ ಸರಿಯಿಲ್ಲದವನು ಅವನೇ ಎಂದು ಖಚಿತ ಮಾಡಿಕೊಳ್ಳಲು ಪರೀಕ್ಷೆ ನಡೆಸಿದೆ. ತಟ್ಟೆಯ ಅಂಚಿಗೆ ಕಾಗದದ ಚೂರು ಅಂಟಿಸಿ, ಕೈಗಡಿಯಾರ ಹಿಡಿದು, ನಿಮಿಷಕ್ಕೆ ಎಷ್ಟು ಸುತ್ತು ಎಂದು ಎಣಿಸುವುದು. ಗುಂಡಿಯ ಮೇಲೆ ಮೂವತ್ತಮೂರು ಎಂದು ಅಚ್ಚಾಗಿದೆ.

ಇಪ್ಪತ್ತೆಂಟು ಬಂತು.

ಮತ್ತೆ ಎಣಿಸಿದೆ. ಇಪ್ಪತ್ತೆಂಟಕ್ಕೆ ಕೂದಲೆಳೆಯಷ್ಟು ಕಡಿಮೆ. ಗೋಡೆಯ ಗಡಿಯಾರ ನೋಡಿ ಎಣಿಸಿದೆ. ಮಗಳಿಗೆ ಫೋನ್ ಮಾಡಿ, "ನಿನ್ನ ಗಡಿಯಾರ ನೋಡಿ 'ಈಗ' ಅನ್ನು, ಒಂದು ನಿಮಿಷ ಆದ ಮೇಲೆ ಮತ್ತೆ 'ಈಗ' ಅನ್ನು" ಎಂದೆ. "ಅಪ್ಪಾ, ನಾನು ಮೀಟಿಂಗ್‌ನಲ್ಲಿದೀನಿ" ಎಂದಳು. ಆದರೂ ಅಂದಳು, ಪಿಸುಮಾತಿನಲ್ಲಿ. ಇಪ್ಪತ್ತೆಂಟು.

ಮೂವತ್ತೊಂದು ವರ್ಷ ನಾನು ಅಂಗಡಿಯವರಿಗೆ ಹೇಳುತ್ತಾ ಬಂದದ್ದು ಒಂದೇ ಮಾತು. ತೂಕದ ಬಟ್ಟಿನ ಮೇಲೆ ಒಂದು ಕಿಲೋ ಅಂತ ಬರೆದಿದೆ ಅಂತ ನಂಬಬೇಡಿ, ತೂಗಿ ನೋಡಿ. ಈ ಒಂದು ಪೆಟ್ಟಿಗೆಯನ್ನು ಮಾತ್ರ ನಾನು ಎಣಿಸಲಿಲ್ಲ. ಹೊರದೇಶದ್ದು, ಅಚ್ಚು ಚೆನ್ನಾಗಿದೆ ಅಂತ ಚೀಟಿ ಅಂಟಿಸಿಬಿಟ್ಟೆ.

ಅವಳು ಅಂದು ತೆಗೆದ ತಕರಾರು ಏನೆಂದು ಈಗ ನೆನಪಾಯಿತು. ಒಂದೇ ಹಾಡು ಕೇಳಿ ತಲೆ ಓರೆ ಮಾಡಿ, "ಇದು ಸ್ವಲ್ಪ ನಿಧಾನ ಅಲ್ವಾ ರೀ?" ಅಂದಿದ್ದಳು. ನಾನು, "ಯಂತ್ರ ಸರಿಯಿದೆ. ನಿನ್ನ ಕಿವಿ ತಪಾಸಣೆಗೆ ಕಳಿಸೋಣ" ಅಂದಿದ್ದೆ.

ಜೋಕು ಚೆನ್ನಾಗಿದೆ ಅಂತ ಆಫೀಸಿನಲ್ಲೂ ಹೇಳಿದ್ದೆ.

ಮಾರ್ಚ್ ೧೪, ಶುಕ್ರವಾರ

ಪ್ಲೇಯರನ್ನು ರಿಪೇರಿಗೆ ಒಯ್ದೆ. ಬಟ್ಟೆ ಒಗೆಯುವ ಅಂಗಡಿಯ ಕೆಳಗಿನ ನೆಲಮಾಳಿಗೆಯಲ್ಲಿ ರಿಪೇರಿಯಮ್ಮನ ಅಂಗಡಿ. ಆಕೆ ಕಣ್ಣಿಗೆ ಭೂತಕನ್ನಡಿ ಸಿಕ್ಕಿಸಿಕೊಂಡು ಮುಚ್ಚಳ ಬಿಚ್ಚಿದಳು. ಎರಡೇ ನಿಮಿಷಕ್ಕೆ ಮೋಟಾರಿನ ತುದಿಯಿಂದ ಬೆರಳುಗುರಿನಷ್ಟು ದೊಡ್ಡ ಹಿತ್ತಾಳೆಯ ಗಾಲಿಯೊಂದನ್ನು ತೆಗೆದು ನನ್ನ ಅಂಗೈಯಲ್ಲಿಟ್ಟಳು.

"ಇದು ಬೇರೆ ದೇಶದ ಕರೆಂಟಿಗೆ ಮಾಡಿದ್ದು ಸಾರ್. ಅಲ್ಲಿ ಮೋಟಾರು ಜೋರಾಗಿ ತಿರುಗುತ್ತೆ, ಇಲ್ಲಿ ನಿಧಾನ. ಇಲ್ಲಿಗೆ ತಂದ ದಿನವೇ ಸ್ವಲ್ಪ ದೊಡ್ಡ ಗಾಲಿ ಹಾಕ್ಬೇಕಿತ್ತು. ಆಗ ಯಾರೂ ಪರೀಕ್ಷೆ ಮಾಡ್ಲಿಲ್ವಾ?"

"ಮಾಡಿದ್ದರು" ಎಂದೆ.

"ಯಾರು?"

"ಒಬ್ಬ ಇನ್ಸ್‌ಪೆಕ್ಟರು."

ಆಕೆ ಪಕ್ಕದ ಚೀಟಿ ಓದಿದಳು. "ಎಲ್ಲಾ ಹೀಗೇ. ಕುರ್ಚಿಯಿಂದ ಏಳ್ದೆ ಸೀಲು ಹೊಡೀತಾರೆ. ಇಂಥವ್ರನ್ನ ಏನು ಮಾಡ್ಬೇಕು ಹೇಳಿ?"

ನಾನೂ ಹೌದು ಹೌದು ಎಂದೆ. ಇನ್ನೂ ಎರಡು ಮಾತು ಸೇರಿಸಿ ಬೈದೆ.

ಮಾರ್ಚ್ ೧೭, ಸೋಮವಾರ

ರಿಪೇರಿಯಮ್ಮ ಹೊಸ ಗಾಲಿ ಹಾಕಿ ಕೊಟ್ಟಳು. ಹಳೆಯದನ್ನು ಕಾಗದದಲ್ಲಿ ಸುತ್ತಿ ನನಗೇ ಕೊಟ್ಟಳು, ಬದಲಾಯಿಸುವುದನ್ನೂ ತೋರಿಸಿದಳು. ಮನೆಗೆ ತಂದು ಎಣಿಸಿದೆ. ಮೂವತ್ತಮೂರು ಮತ್ತು ಒಂದಿಷ್ಟು.

ಹಸಿರು ಕೋಟಿನವಳನ್ನು ಹಾಕಿದೆ.

ಹುಡುಗಿ! ನಿಜಕ್ಕೂ ಹದಿನೆಂಟರ ಹುಡುಗಿ. ಎರಡನೇ ಹಾಡಿನ ನಡುವೆ ನಕ್ಕೇಬಿಡುತ್ತಾಳೆ. ನಾನು ಇಷ್ಟು ವರ್ಷ ಅದನ್ನು ಬಿಕ್ಕಳಿಕೆ ಅಂದುಕೊಂಡಿದ್ದೆ. ಹಿಂದೆ ಬಾರಿಸುವವನು ಮದುವೆ ಮೆರವಣಿಗೆಯವನ ಹಾಗೆ ಬಾರಿಸುತ್ತಾನೆ. ಒಂದನ್ನು ಕೇಳಿ ಬಿಡಲಾಗಲಿಲ್ಲ, ಮೊದಲಿನಿಂದ ಹಾಕುತ್ತಾ ಬಂದೆ. ಕೊಳಲಿನ ಅಳು ಅಳುವೇ ಅಲ್ಲ, ತುಂಟಾಟ. ಏಳನೇ ನಂಬರಿನಲ್ಲಿ ಹಾಡುವ ಮುದುಕ ಮುದುಕನೇ ಅಲ್ಲ.

ಕೊನೆಗೆ ನನ್ನದೇ ನಾಲ್ಕು ರೆಕಾರ್ಡುಗಳ ಸೆಟ್ಟು ಹೊರಗೆ ತೆಗೆದೆ. ಎಂಬತ್ತೆಂಟರಲ್ಲಿ ಅವು ಸೇರಿಲ್ಲ. 'ಶುದ್ಧ ಇಂಗ್ಲಿಷ್ ಉಚ್ಚಾರಣೆ.' ಬಡ್ತಿಯ ಸಂದರ್ಶನಕ್ಕೆಂದು ಆರು ತಿಂಗಳು ಇದರ ಮುಂದೆ ಕೂತು, ಅದರೊಳಗಿನ ಮೇಷ್ಟರು ಹೇಳಿದಂತೆಯೇ ಹೇಳಿ ಕಲಿತಿದ್ದೆ. ಗು...ಡ್ ಮಾ...ರ್ನಿಂಗ್. ಹೌ... ಡೂ ಯೂ... ಡೂ. ಎಷ್ಟು ಗಾಂಭೀರ್ಯ ಅಂದುಕೊಂಡಿದ್ದೆ. ಇವತ್ತು ಹಾಕಿದರೆ ಆ ಮೇಷ್ಟರು ರೈಲು ತಪ್ಪುತ್ತದೆ ಎಂಬಂತೆ ಮಾತಾಡಿ ಮುಗಿಸಿಬಿಟ್ಟರು.

ಆಫೀಸಿನಲ್ಲಿ ನನ್ನನ್ನು ಗೋಪುರದ ಗಡಿಯಾರ ಅಂತ ಯಾಕೆ ಕರೆಯುತ್ತಿದ್ದರು ಅಂತ ನಿವೃತ್ತಿಯಾಗಿ ಒಂಬತ್ತು ವರ್ಷದ ಮೇಲೆ ತಿಳಿಯಿತು. ಇಡೀ ಇಲಾಖೆಯಲ್ಲಿ ಇಂಗ್ಲಿಷನ್ನು ಇಪ್ಪತ್ತೆಂಟು ಸುತ್ತಿನಲ್ಲಿ ಮಾತಾಡಿದವನು ನಾನೊಬ್ಬನೇ.

ಇದನ್ನು ಹೇಳಲು ತಕ್ಷಣ ಅಡುಗೆಮನೆಗೆ ಹೋದೆ. ಬಾಗಿಲವರೆಗೂ ಹೋದೆ.

ಮಾರ್ಚ್ ೧೯, ಬುಧವಾರ

ಪ್ಲೇಯರ್ ಮುಟ್ಟಲಿಲ್ಲ.

ಮಾರ್ಚ್ ೨೨, ಶನಿವಾರ

ಮೂರು ದಿನದಿಂದ ಒಂದೇ ಯೋಚನೆ, ಬರೆದರೆ ಹಗುರಾಗಬಹುದು. ನನಗೆ ಸಂಗೀತದ ಕಿವಿ ಇಲ್ಲ, ಅವಳಿಗಿತ್ತು. ಅವಳಿಗೆ ಮೊದಲ ದಿನವೇ ಗೊತ್ತಾಗಿತ್ತು. ಹಾಗಾದರೆ ಇಷ್ಟು ವರ್ಷ, ದಿನಾ ಸಂಜೆ, ಕೆಟ್ಟ ಹಾಡೆಂದು ಗೊತ್ತಿದ್ದೂ ನನ್ನೆದುರು ಕೂತು ಕೇಳಿದಳೇ? ಒಳಗೊಳಗೇ ಬೈದುಕೊಂಡು? ಅಥವಾ ನನ್ನ ಮಾತು ನಂಬಿ ತನ್ನ ಕಿವಿಯನ್ನೇ ಅನುಮಾನಿಸಿದಳೇ? ಎರಡರಲ್ಲಿ ಯಾವುದು ವಾಸಿ ಎಂದು ಹೇಳಲಾರೆ.

ಕೇಳಬಹುದಾದವಳು ಒಬ್ಬಳೇ, ಅವಳ ತಂಗಿ, ನನ್ನ ನಾದಿನಿ. ಆದರೆ ಅವಳಿಗೆ ವಿಷಯ ಸಿಕ್ಕರೆ ನನ್ನನ್ನು ಜನ್ಮದಲ್ಲಿ ಬಿಡುವುದಿಲ್ಲ. ಹೊಲಿಗೆ ಮೇಷ್ಟ್ರಾಗಿದ್ದವಳು, ನಾಲಗೆಯೂ ಸೂಜಿಯೇ.

ಮೂವತ್ತರೊಳಗೆ ಕೇಳಬೇಕು. ಸಿಟ್ಟಿನಿಂದ ಕೇಳಿದ ರೆಕಾರ್ಡುಗಳಾದರೆ ಈ ಮನೆಯಿಂದ ಹೋಗುವುದೇ ಮೇಲು.

ಮಾರ್ಚ್ ೨೭, ಗುರುವಾರ

ಹೋಗಿ ಬಂದೆ. ಕ್ರಮವಾಗಿ ಬರೆಯುತ್ತೇನೆ, ಇಲ್ಲದಿದ್ದರೆ ಎಲ್ಲೋ ಹೋಗಿಬಿಡುತ್ತೇನೆ.

ಮೂರರ ಬಸ್ಸು, ಮೂರನೇ ನಿಲ್ದಾಣ. ನಾದಿನಿ ಬಾಗಿಲು ತೆರೆದವಳೇ, "ಏನ್ ಭಾವ, ಗುರುವಾರ ಬಂದಿದೀರಾ! ಹೊಲಿಗೆ ಕಲೀಬೇಕಾ?" ಎಂದಳು. ಕೂತೆ. ಕಾಫಿ ಕೊಟ್ಟಳು. ಹವೆ ಬಗ್ಗೆ ಮಾತಾಡಿದೆ. ಅವಳ ಮಂಡಿ ಬಗ್ಗೆ ವಿಚಾರಿಸಿದೆ. ನನ್ನ ಮಂಡಿ ಬಗ್ಗೆಯೂ ನಾನೇ ಹೇಳಿದೆ.

"ಸುಮ್ನೆ ಮಂಡಿ ನೋಡೋಕೆ ಬರೋರಲ್ಲ ನೀವು. ಏನಾಯ್ತು?"

"ಒಂದು ಯಂತ್ರದ ವಿಷಯ" ಎಂದೆ. "ಅಳತೆಯಲ್ಲಿ ಸ್ವಲ್ಪ ವ್ಯತ್ಯಾಸ ಕಂಡುಬಂದಿದೆ."

ಅವಳು ಲೋಟ ಕೆಳಗಿಟ್ಟಳು. ನನ್ನ ಮುಖ ನೋಡಿದಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು. ನಕ್ಕಳು ಅಂದರೆ ಹೇಗೆ, ಕಣ್ಣಲ್ಲಿ ನೀರು ಬರುವ ತನಕ. "ಕೊನೆಗೂ ಎಣಿಸಿದ್ರಾ? ಅಯ್ಯೋ ಭಾವ, ಕೊನೆಗೂ ಎಣಿಸಿದ್ರಾ!"

ಎದ್ದು ಹೊಲಿಗೆ ಯಂತ್ರದ ಮೇಲಿನ ಹೊದಿಕೆ ಸರಿಸಿದಳು. ಅದರ ಹಿಂದೆ ಗೋಡೆಗೊತ್ತಿ ಸೂಟ್‌ಕೇಸಿನಂಥ ಪುಟ್ಟ ಪ್ಲೇಯರ್.

"ಗುರುವಾರದ ಹೊಲಿಗೆ ಇದೇ. ಅಕ್ಕ ಚೀಲದಲ್ಲಿ ಮೂರ್ನಾಲ್ಕು ರೆಕಾರ್ಡು ತರೋಳು, ಮೇಲೊಂದು ತುಂಡು ಬಟ್ಟೆ ಹಾಕಿ. ಸರಿಯಾದ ವೇಗದಲ್ಲಿ ಇಲ್ಲಿ ಕೇಳೋದು, ಇಬ್ರೂ ಕುಣಿಯೋದು. ಕೆಳಗಿನ ಮನೆಯವ್ರು ಕೋಲಲ್ಲಿ ಸೂರಿಗೆ ಕುಟ್ಟೋರು."

ಅವಳು ಕುಣಿಯುತ್ತಿದ್ದಳೇ? ನನ್ನ ಹೆಂಡತಿ?

"ಮತ್ತೆ ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ಲಲ್ಲ, ಮೊದಲ್ನೇ ದಿನವೇ. ಕಿವಿ ತಪಾಸಣೆಗೆ ಕಳಿಸ್ತೀನಿ ಅಂದ್ರಂತಲ್ಲ ನೀವು?"

ನಾನು ಖಾಲಿ ಲೋಟ ಎತ್ತಿ ಕುಡಿದೆ.

"ಮೊದಲೊಂದೆರಡು ವರ್ಷ ಸಿಟ್ಟಿತ್ತು ಅವಳಿಗೆ. ಸುಳ್ಳು ಯಾಕೆ ಹೇಳ್ಲಿ. ನಾನೂ ಬೆಂಕಿಗೆ ಎಣ್ಣೆ ಹಾಕ್ದೆ. ಆಮೇಲೆ ಅದೇ ತಮಾಷೆ ಆಯ್ತು. ಈ ವಾರವಾದ್ರೂ ಇನ್ಸ್‌ಪೆಕ್ಟರಿಗೆ ಗೊತ್ತಾಯ್ತೇನೇ ಅಂತ ನಾನು ಕೇಳೋದು, ಇಲ್ಲ ಕಣೇ, ಇನ್ನೂ ಪರಿಶೀಲನೆಯಲ್ಲಿದೆ ಅಂತ ಅವಳು ಹೇಳೋದು. ಪ್ರತಿ ಗುರುವಾರ!"

ಅಂದರೆ ಇಪ್ಪತ್ತೆಂಟು ವರ್ಷ ಈ ಅಕ್ಕ ತಂಗಿ ವಾರಕ್ಕೊಮ್ಮೆ ಕೂತು ನನ್ನನ್ನು ನೆನೆಸಿಕೊಂಡು ನಕ್ಕಿದ್ದಾರೆ. ಕೇಳಿ ನನಗೆ ಎಷ್ಟು ಸಮಾಧಾನವಾಯಿತು ಎಂದರೆ, ಕಾಫಿ ಇನ್ನೊಂದು ಲೋಟ ಕೇಳಿ ಕುಡಿದೆ.

ಆಮೇಲೆ ಕೇಳಲೇಬೇಕಾದ್ದು ಕೇಳಿದೆ. "ಇಲ್ಲಿ ಸರಿಯಾಗಿ ಕೇಳುತ್ತಿದ್ದವಳು ಮನೆಯಲ್ಲಿ ಅದೇ ರೆಕಾರ್ಡನ್ನು ನಿಧಾನವಾಗಿ ಯಾಕೆ ಕೇಳಬೇಕಿತ್ತು? ದಿನಾ?"

ನಾದಿನಿ ನಗು ನಿಲ್ಲಿಸಿದಳು. ಕಣ್ಣೊರೆಸಿಕೊಂಡಳು.

"ನಾನೂ ಕೇಳ್ದೆ ಭಾವ. ಆಗ ಅವಳು, 'ಇಡೀ ದಿನದಲ್ಲಿ ಅವರು ಪೇಪರ್ ಕೆಳಗಿಟ್ಟು ನನ್ನೆದುರಿಗೆ ಕೂರೋದು ಹಾಡು ಮುಗಿಯೋ ತನಕ ಮಾತ್ರ ಕಣೇ. ನಿನ್ನ ಮನೇಲಿ ಒಂದು ಮುಖ ಇಪ್ಪತ್ತು ನಿಮಿಷಕ್ಕೆ ಮುಗಿಯುತ್ತೆ. ನಮ್ಮನೇಲಿ ಇಪ್ಪತ್ನಾಲ್ಕು. ದಿನಾ ನಾಲ್ಕು ನಿಮಿಷ ಜಾಸ್ತಿ. ಅದು ಇನ್ಸ್‌ಪೆಕ್ಟರ್ ಸಾಹೇಬ್ರು ನಂಗೆ ಕೊಡೋ ಲಂಚ' ಅಂದ್ಲು."

ಲಂಚ! ಸರ್ವಿಸಿನಲ್ಲಿ ನಾನು ಒಂದು ಲೋಟ ಕಾಫಿಯನ್ನೂ ಬಿಟ್ಟಿ ಕುಡಿದವನಲ್ಲ.

ಬಸ್ಸಿನಲ್ಲಿ ಲೆಕ್ಕ ಹಾಕಿದೆ. ಇಪ್ಪತ್ತು ನಿಮಿಷಕ್ಕೆ ನಾಲ್ಕು ನಿಮಿಷ ಸರಿಯಾಗಿಯೇ ಇದೆ. ಅವಳೂ ಅಳೆದಿದ್ದಳು. ನಿಲ್ದಾಣ ಒಂದು ಮುಂದೆ ಹೋಗಿ ಇಳಿದೆ.

ಮಾರ್ಚ್ ೩೦, ಭಾನುವಾರ

ಬೆಳಿಗ್ಗೆ ತಟ್ಟೆಸಾಹೇಬ ಬಂದ. ದನಿ ಕೇಳಿ ಆನೆಯಂಥವನು ಅಂದುಕೊಂಡಿದ್ದೆ, ಬಂದವನು ನುಗ್ಗೇಕಾಯಿಯಂಥ ಮನುಷ್ಯ, ಎರಡು ದೊಡ್ಡ ಪೆಟ್ಟಿಗೆ ಹೊತ್ತು ನಿಂತಿದ್ದ. ಹಸಿರು ಕೋಟಿನವಳನ್ನು ಕೈಗೆ ತೆಗೆದುಕೊಂಡು ಮಗು ಎತ್ತಿಕೊಂಡ ಹಾಗೆ ಹಿಡಿದುಕೊಂಡ.

"ಪಟ್ಟಿ ಎಲ್ಲಿ ಸಾರ್?"

"ಪಟ್ಟಿ ರದ್ದಾಗಿದೆ" ಎಂದೆ. "ತಪ್ಪು ವೇಗದಲ್ಲಿ ಪರೀಕ್ಷೆ ನಡೆದಿದೆ. ಯಂತ್ರವನ್ನು ಸರಿ ಎಂದು ದೃಢೀಕರಿಸಿದ ಅಧಿಕಾರಿ ನಾನೇ. ತಪ್ಪು ನನ್ನದು. ಎಂಬತ್ತೆಂಟನ್ನೂ ಮೊದಲಿನಿಂದ ಕೇಳಬೇಕು."

ತಪ್ಪು ನನ್ನದು ಎಂದು ಬಾಯಿಬಿಟ್ಟು ಹೇಳುವುದು ಅಂದುಕೊಂಡಷ್ಟು ಕಷ್ಟವಲ್ಲ. ಅಪರಿಚಿತರ ಹತ್ತಿರ ಅಭ್ಯಾಸ ಮಾಡಿಕೊಳ್ಳಬಹುದು.

"ಎಷ್ಟು ದಿನ ಬೇಕಾಗುತ್ತೆ?"

"ನಾದಿನಿಯೂ ಇಲ್ಲಿಗೇ ಬಂದು ಕೇಳುತ್ತಾಳಂತೆ, ಗುರುವಾರ ಮಾತ್ರ ಬಿಡುವು ಅಂದಿದ್ದಾಳೆ. ವಾರಕ್ಕೆ ಒಂದು. ಎಂಬತ್ತೆಂಟು ವಾರ."

ಅವನು ನನ್ನನ್ನು ನೋಡಿದ, ಖಾಲಿ ಪೆಟ್ಟಿಗೆಗಳನ್ನು ನೋಡಿದ. "ಆಮೇಲೆ ಕೊಡ್ತೀರಾ?"

"ಆಮೇಲೆ ಎರಡನೇ ಸುತ್ತಿನ ತಪಾಸಣೆ ಇರುತ್ತದೆ."

ಪುಣ್ಯಾತ್ಮ ನಕ್ಕ. ಗುರುವಾರ ತಾನೂ ಬರಬಹುದೇ ಎಂದು ಕೇಳಿದ. ಕುಣಿಯಲು ಬರುತ್ತದೆಯೇ ಎಂದು ವಿಚಾರಿಸಿ ಒಪ್ಪಿಗೆ ಕೊಟ್ಟೆ. ನನ್ನ ಇಂಗ್ಲಿಷ್ ಉಚ್ಚಾರಣೆಯ ಸೆಟ್ಟನ್ನು ಕೊಟ್ಟು ಕಳಿಸಿದೆ, ಕೈಖಾಲಿ ಹೋಗಬಾರದಲ್ಲ.

ಮಧ್ಯಾಹ್ನ ಮಗಳ ಫೋನು. "ಕೊಟ್ಯಾ?"

"ಇಲ್ಲ."

"ಮತ್ತೆ ಹಲಗೆ?"

"ಯಾವ ಹಲಗೆ?" ಎಂದೆ. ಆ ಕಡೆ ನಗುವೋ ಮೂಗು ಸೀಟುವುದೋ, ಗೊತ್ತಾಗಲಿಲ್ಲ. ನನ್ನ ಕಿವಿಯನ್ನು ಇನ್ನು ನಾನು ಪೂರ್ತಿ ನಂಬುವುದಿಲ್ಲ.

ಕಾಫಿಯಾಯಿತು. ಹಳೆಯ ಗಾಲಿಯನ್ನು ಹುಡುಕಿ ತೆಗೆದು ನಾನೇ ಹಾಕಿದೆ, ಎರಡು ಸಲ ಬಿತ್ತು. ಗುರುವಾರಕ್ಕೆ ದೊಡ್ಡ ಗಾಲಿ, ಉಳಿದ ದಿನ ಇದು. ಗೊತ್ತಿದ್ದೂ ಗೊತ್ತಿದ್ದೂ ಕಳ್ಳ ಅಳತೆ. ಅಂಗಡಿಯವನು ಮಾಡಿದ್ದರೆ ಬೀಗ ಹಾಕಿಸುತ್ತಿದ್ದೆ. ಹಸಿರು ಕೋಟಿನವಳು ದಪ್ಪ ದನಿಯಲ್ಲಿ ಎಳೆದೆಳೆದು ಶುರುಮಾಡಿದಳು. ಎದುರಿನ ಕುರ್ಚಿಯ ಮೇಲೆ ಪೇಪರ್ ಬಿದ್ದಿತ್ತು, ತೆಗೆದು ಕೆಳಗಿಟ್ಟೆ.

ಇಪ್ಪತ್ತು ನಿಮಿಷ ಈಗಷ್ಟೇ ಕಳೆಯಿತು, ಹಾಡು ಇನ್ನೂ ಇದೆ. ಕಿಟಕಿಯ ಬೆಳಕು ಹೋಗುತ್ತಾ ಇದೆ, ಬರೆದ ಸಾಲಿನ ಮೇಲೇ ಬರೆಯುತ್ತಿದ್ದೇನೋ ಏನೋ. ಎದ್ದು ದೀಪ ಹಾಕಬೇಕು. ಹಾಕಿದರೆ ಮತ್ತೆ ಬರೆಯುತ್ತಾ ಕೂರುತ್ತೇನೆ, ಅದು ಪೇಪರ್ ಓದಿದ ಹಾಗೇ ಆಯಿತು. ಪೆನ್ನು ಇಡುತ್ತೇನೆ. ನಾಲ್ಕು ನಿಮಿಷ ಇದೆ.